ಮೂವತ್ತು ವರ್ಷದ ಟೂ-ಇನ್-ಒನ್: ಹೇಳಿ ಕೆಡುವ ಸೆಟ್ಟು

ನಮ್ಮ ಮನೆಗೆ ಈ ಟೂ-ಇನ್-ಒನ್ ಬಂದದ್ದು 1995ರಲ್ಲಿ. ರೇಡಿಯೊ, ಒಂದೇ ಕ್ಯಾಸೆಟ್ ಬಾಗಿಲು, ಆರು ದಪ್ಪ ಗುಂಡಿ. ಕಂಪನಿ ಹೆಸರು ಬೇಡ ಬಿಡಿ, ಈ ಮಾಡೆಲ್ ಈಗ ಸಿಗುವುದೂ ಇಲ್ಲ. ಹಳೇ ಸೆಟ್ಟು ಹುಡುಕುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಇರುವುದು ಒಂದೇ ಸ್ಪೀಕರ್. ಹಾಡುವವರ ಗಂಟಲು ಸ್ಪಷ್ಟ, ತಬಲಾ ಅಷ್ಟಕ್ಕಷ್ಟೆ. ಸಿ. ಅಶ್ವತ್ಥ್ ಅವರ ಏರುದನಿ ನನಗೆ ಇದರಲ್ಲೇ ಚೆಂದ. ಸುಮ್ನೆ ಅಭ್ಯಾಸಬಲವೂ ಇರಬಹುದು. ಟೇಪಿನ 'ಸ್‌ಸ್' ಸದ್ದು ಮಾತ್ರ ಹಿಂದೆಯೇ ಇರುತ್ತದೆ.

ನನಗೆ ಇದು ಹಿಡಿಸಿದ್ದು ಬೇರೆ ಕಾರಣಕ್ಕೆ. ಇದು ಹೇಳಿ ಕೆಡುತ್ತದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾದರೆ ಓಟ ತಗ್ಗುತ್ತದೆ, ಎಸ್. ಜಾನಕಿ ಅವರೂ ನಿದ್ದೆಗಣ್ಣಲ್ಲಿ ಹಾಡಿದಂತೆ ಕೇಳುತ್ತದೆ. ಟೇಪನ್ನು ಓದುವ ಹೆಡ್ ಮೇಲೆ ಕೊಳೆ ಕೂತರೆ ಕಂಬಳಿಯೊಳಗಿಂದ ಹಾಡಿದಂತೆ. ಕೊಳೆಗೆ ಹತ್ತಿ, ಸ್ಪಿರಿಟ್ಟು ಸಾಕು. ಬೆಲ್ಟಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಬೇಕು. ಇಷ್ಟು ವರ್ಷದಲ್ಲಿ ಮೂರು ಸಲ ಬದಲಿಸಿದ್ದೇನೆ. ಇನ್ನು ಟೇಪ್ ಸುತ್ತಿಕೊಂಡರೆ ಕ್ಯಾಸೆಟ್ಟಿನ ತೂತಿಗೆ ತೂರಿಸಿ ತಿರುಗಿಸಲು ಪೆನ್ಸಿಲ್ ಇದ್ದೇ ಇದೆ. 60 ನಿಮಿಷದ ಕ್ಯಾಸೆಟ್ಟಿಗಿಂತ 90ರದ್ದರಲ್ಲಿ ಟೇಪು ತೆಳು. ನನ್ನ ಸೆಟ್ಟು ನುಂಗಿದ್ದೆಲ್ಲ 90ರವೇ!

ರೆಕಾರ್ಡಿಂಗ್ ಚೆನ್ನಾಗಿದೆ. ಕಂಪನಿ ಕ್ಯಾಸೆಟ್ಟಿನ ಬೆನ್ನಲ್ಲಿರುವ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿದರೆ ಅದರ ಮೇಲೂ ರೆಕಾರ್ಡ್ ಆಗುತ್ತದೆ. ನನ್ನ ತಮ್ಮ ಅಮ್ಮನ ಸುಪ್ರಭಾತದ ಮೇಲೆ ಕ್ರಿಕೆಟ್ ಕಾಮೆಂಟರಿ ತುಂಬಿಸಿ ಏಟು ತಿಂದಿದ್ದ. ಮೊದಮೊದಲು ಎಫ್‌ಎಂ ಕಡೆ ನಾವು ಮುಳ್ಳು ತಿರುಗಿಸಿದ್ದೇ ಕಡಿಮೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತಲ್ಲ, ಆಮೇಲೆ ಆ ಮುಳ್ಳು ಅಲ್ಲಿಂದ ಕದಲಲಿಲ್ಲ.

ನಡುವೆ ಎಂಪಿ3 ಸಿಡಿ ಬಂತು, ಒಂದರಲ್ಲೇ 150 ಹಾಡು. ಗೀರು ಬಿದ್ದವು, ಹೋದವು. ಈಗ ಫೋನಿನಲ್ಲಿ ಆ್ಯಪ್. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ನಾನೂ ಅದನ್ನೇ ಕೇಳುತ್ತೇನೆ, ಸುಳ್ಳೇಕೆ ಹೇಳಲಿ? ಬೇಕಾದ ಹಾಡು ಅರೆ ಗಳಿಗೆಯಲ್ಲಿ ಸಿಗುತ್ತದೆ. ಆದರೆ ಹೋದ ವರ್ಷ ನಾನು ಕೂಡಿಟ್ಟ ಪಟ್ಟಿಯಲ್ಲಿ ನಾಲ್ಕು ಹಾಡು ಇದ್ದಕ್ಕಿದ್ದಂತೆ ಬೂದುಬಣ್ಣಕ್ಕೆ ತಿರುಗಿದವು. ಒತ್ತಿದರೆ ಉಸಿರಿಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಹೀಗಾಗುತ್ತದೆ. ಅದಕ್ಕೆ ಯಾವ ಬೆಲ್ಟ್ ಹಾಕಲಿ? ತಿಂಗಳ ದುಡ್ಡು ಮಾತ್ರ ತಪ್ಪದೆ ಕಡಿತವಾಯಿತು.

ಹಳೇ ಸೆಟ್ಟು ಕೊಳ್ಳುವುದಾದರೆ ಚೆನ್ನಾಗಿ ಗೊತ್ತಿರುವ ಹಾಡಿನ ಕ್ಯಾಸೆಟ್ ಜೊತೆಗೆ ಒಯ್ಯಿರಿ. ದನಿ ಎಳೆಯುತ್ತಿದ್ದರೆ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ರಿವೈಂಡ್ ಕೊನೆಯವರೆಗೂ ಓಡಬೇಕು. ಅರ್ಧಕ್ಕೇ ನಿಂತರೆ ಬೆಲ್ಟ್ ಹೋಗಿರುವ ಸಾಧ್ಯತೆ ಜಾಸ್ತಿ, ಬೆಲೆ ಇಳಿಸಿ ಕೇಳಿ. ಹೆಡ್ ಸವೆದು ಗುಳಿ ಬಿದ್ದಿದ್ದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ.