ಎದೆ ನೀರಿನ ಪೈಪ್: ಪೈಪ್ ಬಗ್ಗೆ ತಕರಾರಿಲ್ಲ, ಬಾಟಲಿ ಮೇಲೆ ಸಿಟ್ಟಿದೆ

ಅಮ್ಮನಿಗೆ ಪ್ಲೂರಲ್ ಕ್ಯಾಥೆಟರ್, ಅಂದರೆ ಶ್ವಾಸಕೋಶದ ಸುತ್ತ ತುಂಬುವ ನೀರನ್ನು ಮನೆಯಲ್ಲೇ ಇಳಿಸಲು ಎದೆಯಲ್ಲಿ ಬಿಡುವ ಪೈಪ್, ಹಾಕಿಸಿ ಒಂದು ಬೇಸಿಗೆ ಪೂರ್ತಿ ಕಳೆದಿದೆ. ದಾವಣಗೆರೆ ಕಡೆ ಇದನ್ನು ಹಾಕಿಸಿಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅಮ್ಮನಿಗೆ ಸ್ತನ ಕ್ಯಾನ್ಸರ್. ಅದು ಎದೆಯೊಳಗಿನ ಪೊರೆಗೂ ಹಬ್ಬಿ, ಬಲ ಶ್ವಾಸಕೋಶದ ಸುತ್ತ ನೀರು ತುಂಬುತ್ತಿತ್ತು. ಸೂಜಿ ಹಾಕಿ ತೆಗೆಸಿದರೆ ಅವತ್ತೇ ದಮ್ಮು ಕಡಿಮೆ. ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೂವರೆ ಲೀಟರ್‌ಗಿಂತ ಜಾಸ್ತಿ ತೆಗೆಯುವುದಿಲ್ಲ. ಅದುಮಿಕೊಂಡಿದ್ದ ಶ್ವಾಸಕೋಶ ಒಮ್ಮೆಲೇ ಬಿಚ್ಚಿಕೊಂಡರೆ ಅದರೊಳಗೇ ನೀರು ಸೇರಬಹುದಂತೆ. ಸ್ವಲ್ಪ ದಿನಕ್ಕೆ ಮತ್ತೆ ತುಂಬುತ್ತಿತ್ತು. ನೀರು ತುಂಬಲು ಜಾಗ ಇರದಂತೆ ಟಾಲ್ಕ್ ಪುಡಿ ಹಾಕಿ ಪೊರೆಗಳನ್ನು ಅಂಟಿಸುವ ದಾರಿಯೂ ಇದೆ. ಅದಕ್ಕೆ ಶ್ವಾಸಕೋಶ ಪೂರ್ತಿ ಹಿಗ್ಗಬೇಕು. ಅಮ್ಮನದು ಹಿಗ್ಗಲಿಲ್ಲ. ಹಾಗಾಗಿ ಪೈಪ್.

ದಿನ ಬಿಟ್ಟು ದಿನ, ಬೆಳಗಿನ ತಿಂಡಿ ಆದ ಮೇಲೆ ನಮ್ಮ ಕೆಲಸ. ಮೊದಲು ಫ್ಯಾನ್ ಆಫ್. ಸೋಪಿನಲ್ಲಿ ಕೈ ತೊಳೆದು, ಗ್ಲೌಸ್ ಹಾಕಿ, ಪೈಪ್‌ನ ಹೊರತುದಿಯ ವಾಲ್ವನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತೇನೆ. ನೀರು ಹಿಡಿಯುವ ಬಾಟಲಿಯ ತುದಿ ಅದಕ್ಕೆ ಟಕ್ ಅಂತ ಕೂರಬೇಕು. ಕ್ಲಾಂಪ್ ನಿಧಾನ ಬಿಟ್ಟರೆ ಟೀ ಡಿಕಾಕ್ಷನ್ ಬಣ್ಣದ ನೀರು ಇಳಿಯುತ್ತದೆ. ಅಮ್ಮನಿಗೆ ಕೆಮ್ಮು ಬಂದರೆ, ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಏನೇ ಆದರೂ ಒಂದು ಲೀಟರ್ ದಾಟಿಸಬೇಡಿ ಅಂದಿದ್ದಾರೆ ಡಾಕ್ಟರ್. ಆಮೇಲೆ ಹೊಸ ಮುಚ್ಚಳ, ಗಾಜ್, ಮೇಲೆ ಪ್ಲಾಸ್ಟರ್. ಎಷ್ಟು ಬಂತು ಅಂತ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಅಮ್ಮನೇ ಬರೆಯುತ್ತಾರೆ.

ಈಗ ಬಾಟಲಿ ವಿಷಯ. ನೀರನ್ನು ತಾನೇ ಎಳೆದುಕೊಳ್ಳಲು ಒಳಗೆ ವ್ಯಾಕ್ಯೂಮ್ (ಗಾಳಿ ತೆಗೆದ ಖಾಲಿ) ಇರುವ ಈ ಬಾಟಲಿ ಒಂದು ಸಲಕ್ಕೆ ಮಾತ್ರ. ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪ್‌ಗಳಲ್ಲೆಲ್ಲಾ ಕೇಳಿದೆ, ಯಾರ ಹತ್ತಿರವೂ ಇರಲಿಲ್ಲ. ಬೆಂಗಳೂರಿನಿಂದ ತರಿಸಬೇಕು. ತಿಂಗಳಿಗೆ ಹದಿನೈದು ಬಾಟಲಿ ಅಂದರೆ ನಮ್ಮಂಥ ಸಂಬಳದ ಮನೆಗೆ ಕೀಮೋ ಖರ್ಚಿನ ಪಕ್ಕ ಇನ್ನೊಂದು ಖರ್ಚು ನಿಂತ ಹಾಗೆ. ಒಮ್ಮೆ ಬಂದ ಪಾರ್ಸೆಲ್‌ನಲ್ಲಿ ಒಂದರ ವ್ಯಾಕ್ಯೂಮೇ ಹೋಗಿತ್ತು. ವಾಪಸ್ ತಗೊಳ್ಳಲಿಲ್ಲ. ಪೈಪ್ ಹಾಕುವ ಮುಂಚೆ ಇದನ್ನು ಒಬ್ಬರಾದರೂ ಹೇಳಬೇಕಿತ್ತು ಅಲ್ವಾ?

ಸಂಕಟ ಹೇಳಿಕೊಂಡಾಗ ಡಾಕ್ಟರ್ ಬೇರೆ ದಾರಿ ತೋರಿಸಿದರು. ಅದೇ ವಾಲ್ವಿಗೆ ಕೂರುವ ಟ್ಯೂಬ್ ಜೊತೆ ಡ್ರೈನೇಜ್ ಬ್ಯಾಗ್. ವ್ಯಾಕ್ಯೂಮ್ ಇಲ್ಲ, ಮಂಚದ ಕೆಳಗೆ ಇಟ್ಟರೆ ತಾನಾಗೇ ಇಳಿಯುತ್ತದೆ. ಬಾಟಲಿಗಿಂತ ನಿಧಾನ, ಆದರೆ ಕೊನೆಯಲ್ಲಿ ಎಳೆದಂತಾಗುತ್ತಿದ್ದ ನೋವು ಅಮ್ಮನಿಗೆ ಈಗ ಕಡಿಮೆ. ಆ ಹೊತ್ತಿನಲ್ಲಿ ಅಮ್ಮ ಮಾತಿಗೆ ಕೂರುತ್ತಾರೆ. ತವರಿನ ಹೊಲ, ಅಜ್ಜಿಯ ಜಗಳ, ನಾನು ಕೇಳೇ ಇರದ ಎಷ್ಟೋ ಸಂಗತಿ. ನನಗೆ ಆ ಹೊತ್ತು ತುಂಬಾ ಇಷ್ಟ.

ಬೇಸಿಗೆಯಲ್ಲಿ ಬೆವರಿಗೆ ಪ್ಲಾಸ್ಟರ್ ಏಳುತ್ತದೆ. ರವಿಕೆಯ ಅಂಚು ಸರಿಯಾಗಿ ಪೈಪ್ ಜಾಗಕ್ಕೇ ಒತ್ತುತ್ತದೆ. ಚೌಕಿಪೇಟೆಯಲ್ಲಿ ತೆಳು ಕಾಟನ್ ತಂದು ಸಡಿಲ ರವಿಕೆ ಹೊಲಿಸಿದೆವು, ಸರಿಹೋಯಿತು.

ಬ್ರಿಟನ್ನಿನಲ್ಲಿ ಟಾಲ್ಕ್ ಮತ್ತು ಪೈಪ್ ಹೋಲಿಸಿದ ಟೈಮ್-2 ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಉಸಿರಾಟದ ಆರಾಮ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಪೈಪ್‌ನವರು ಆಸ್ಪತ್ರೆಯಲ್ಲಿ ಇದ್ದದ್ದು ಕಡಿಮೆ, ಆದರೆ ತೊಂದರೆಗಳು ಅವರಲ್ಲೇ ಜಾಸ್ತಿ. ಅದಕ್ಕೇ ಜ್ವರ, ಕೆಂಪು, ಕೀವು, ಸುತ್ತಲೂ ಸೋರುವುದು ಕಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಎಷ್ಟೋ ಜನರಿಗೆ ನೀರು ತಾನಾಗೇ ನಿಂತು ಪೈಪ್ ತೆಗೆಯುತ್ತಾರೆ. ಅಮ್ಮನಿಗೆ ಆ ಸಾಧ್ಯತೆ ಕಡಿಮೆ ಅಂದಿದ್ದಾರೆ. ಇರಲಿ. ದಿಂಬು ಪೇರಿಸಿ ಕೂತೇ ರಾತ್ರಿ ಕಳೆಯುತ್ತಿದ್ದವರು ಈಗ ಮಲಗಿ ನಿದ್ದೆ ಮಾಡುತ್ತಾರೆ. ನನ್ನ ಕಡೆಯಿಂದ ಪೈಪ್‌ಗೆ ಐದಕ್ಕೆ ಐದು, ಬಾಟಲಿಗೆ ಎರಡು. ಹಾಕಿಸುವ ಮುಂಚೆ ಎರಡು ಪ್ರಶ್ನೆ ಕೇಳಿ: ಬಾಟಲಿ ಎಲ್ಲಿ ಸಿಗುತ್ತದೆ, ಇದಕ್ಕೆ ಬ್ಯಾಗ್ ಕೂರುತ್ತದಾ.