ಬೈಕ್ ಅದುರೋದಕ್ಕೆ ಎಂಜಿನ್ನೇ ಕಾರಣವಾ? ಫೈಫಾಕ್ಸ್ ಆಪ್ ಎಷ್ಟು ಕೆಲಸಕ್ಕೆ ಬರುತ್ತೆ

ಸಿಂಗಲ್ ಸಿಲಿಂಡರ್ ಗಾಡಿ ಅಂದ್ಮೇಲೆ ಸ್ವಲ್ಪ ಅದುರೋದು ಇದ್ದಿದ್ದೇ. ಆದರೆ ಆ ಅದುರು ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗ್ತಿದ್ದರೆ ಬೆಂಗಳೂರಿನ ಗ್ಯಾರೇಜುಗಳಲ್ಲಿ ಬೇಗ ಸಿಗೋ ಉತ್ತರ ಒಂದೇ: ‘ಎಂಜಿನ್ ಇಳಿಸಿ ನೋಡ್ಬೇಕು ಸರ್’. ಅದಕ್ಕೆ ತಲೆಯಾಡಿಸೋ ಮುಂಚೆ ಫೈಫಾಕ್ಸ್‌ನಲ್ಲಿ ಅಳೆದು ನೋಡಬಹುದು. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು ಭೌತಶಾಸ್ತ್ರದ ಪ್ರಯೋಗಗಳಿಗೆಂದು ಮಾಡಿದ ಆಪ್ ಇದು. ಉಚಿತ, ಜಾಹೀರಾತಿನ ಕಾಟ ಇಲ್ಲ, ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಸಿಗುತ್ತೆ. ಒಳಗಿರೋ ಹತ್ತಾರು ಪ್ರಯೋಗಗಳಲ್ಲಿ ನಮಗೆ ಬೇಕಾದ್ದು ಆಕ್ಸಲರೇಷನ್ ಸ್ಪೆಕ್ಟ್ರಮ್ ಮಾತ್ರ: ಫೋನಿನ ಸೆನ್ಸರ್ ಹಿಡಿದ ಅದುರಿನಲ್ಲಿ ಸೆಕೆಂಡಿಗೆ ಎಷ್ಟು ಸಲದ್ದು (ಅದೇ ಹರ್ಟ್ಸ್) ಎಷ್ಟು ಜೋರಾಗಿದೆ ಅಂತ ಬಿಡಿಸಿ ತೋರಿಸುತ್ತೆ.

ಅದು ತೋರಿಸೋ ಗ್ರಾಫ್ ಓದೋದು ಸುಲಭ. 3000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಂದರೆ ಎಂಜಿನ್ನಿನೊಳಗೆ ತಿರುಗೋ ಕ್ರ್ಯಾಂಕ್ ದಂಡ ಸೆಕೆಂಡಿಗೆ 50 ಸುತ್ತು, ಹಾಗಾಗಿ ಅದರ ಪೀಕ್, ಅಂದರೆ ಗ್ರಾಫಿನ ಚೂಪು ಏರು, 50 ಹರ್ಟ್ಸ್‌ನಲ್ಲಿ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ ಫೈರಿಂಗ್ (ಪೆಟ್ರೋಲ್ ಹೊತ್ತಿ ಉರಿಯೋದು), ಅದು 25ರಲ್ಲಿ. ಚಕ್ರದ್ದು ತೀರಾ ಕೆಳಗೆ: 110/90-18 ಟೈರ್ ಒಂದು ಸುತ್ತಿಗೆ ಸುಮಾರು 2.06 ಮೀಟರ್ ಉರುಳುತ್ತೆ, ಅಂದರೆ 60 ಕಿ.ಮೀ. ವೇಗದಲ್ಲಿ 8 ಹರ್ಟ್ಸ್. ಮೀಟರಿನಲ್ಲಿ ಟ್ಯಾಕೋ (ಆರ್‌ಪಿಎಂ ತೋರಿಸೋ ಮುಳ್ಳು) ಇಲ್ಲದ ಗಾಡಿಗಳಿಗೆ ಇದರಿಂದ ಇನ್ನೊಂದು ಲಾಭ: ಕ್ರ್ಯಾಂಕ್ ಪೀಕನ್ನು 60ರಿಂದ ಗುಣಿಸಿದರೆ ಆರ್‌ಪಿಎಂ ಸಿಕ್ಕಿಬಿಡುತ್ತೆ.

ಫೋನ್ ಕಟ್ಟೋ ವಿಷಯದಲ್ಲಿ ಮಾತ್ರ ಹುಷಾರು. ಮೋಟಾರ್‌ಸೈಕಲ್ ಎಂಜಿನ್ನಿನ ಜೋರು ಅದುರಿಗೆ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಷನ್, ಆಟೋಫೋಕಸ್ ಹಾಳಾಗಬಹುದು ಅಂತ ಆಪಲ್ 2021ರಲ್ಲೇ ಎಚ್ಚರಿಸಿದೆ. ಮನೆಯಲ್ಲಿ ಬಿದ್ದಿರೋ ಹಳೇ ಆಂಡ್ರಾಯ್ಡ್ ಸಾಕು. ಸ್ಪಂಜು, ರಬ್ಬರ್ ಕವರ್ ತೆಗೆದು, ಎಂಜಿನ್ ಮೌಂಟಿಂಗ್ ಹತ್ತಿರದ ಫ್ರೇಮ್ ಪೈಪಿಗೆ ಎರಡು ಕೇಬಲ್ ಟೈ ಹಾಕಿ ಬಿಗಿಯಾಗಿ ಕಟ್ಟಿ. ಬಿಸಿ ಭಾಗಕ್ಕೆ ತಗುಲಬಾರದು. ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟರೆ ಟ್ಯಾಂಕಿನ ಕೆಳಗಿರೋ ರಬ್ಬರ್ ಅರ್ಧ ಅದುರು ನುಂಗುತ್ತೆ.

ಆಪ್ ಬಗ್ಗೆ ನನ್ನ ದೊಡ್ಡ ತಕರಾರು ಇರೋದು ಸ್ಯಾಂಪಲಿಂಗ್‌ನಲ್ಲಿ, ಅಂದರೆ ಸೆನ್ಸರ್ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೆ ಅನ್ನೋದರಲ್ಲಿ. ತಪ್ಪು ಆಪಿನದಲ್ಲ, ಸೆನ್ಸರಿನದು. ಆದರೂ ಮೋಸ ಹೋಗೋದು ಬಳಸೋರು ತಾನೇ. ಐಫೋನ್‌ಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 100 ಸ್ಯಾಂಪಲ್ ಸಿಗುತ್ತೆ, ಅಂದರೆ ಅದರ ಅರ್ಧ, 50 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು. ಅಂಥ ಫೋನಿನಲ್ಲಿ 4000 ಆರ್‌ಪಿಎಂ ಅಳೆದರೆ 66.7ರಲ್ಲಿ ಬರಬೇಕಾದ ಪೀಕ್ ಮಡಚಿಕೊಂಡು 33.3ರಲ್ಲಿ ಕಾಣಬಹುದು. ಅದು ಸರಿಯಾಗಿ ಫೈರಿಂಗ್ ಪೀಕಿನ ಜಾಗ! ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರೋದು) ಅಂದುಕೊಂಡು ಪ್ಲಗ್, ಇಂಜೆಕ್ಟರ್ ಬದಲಾಯಿಸಿ ದುಡ್ಡು ಕಳೆಯೋದು ಹೀಗೇ. ರಾ ಡೇಟಾ ಎಕ್ಸ್‌ಪೋರ್ಟ್ ಮಾಡಿ ಒಂದು ಸೆಕೆಂಡಿಗೆ ಎಷ್ಟು ಸಾಲು ಇದೆ ಎಣಿಸಿ. 200 ಇದ್ದರೆ 5500 ಆರ್‌ಪಿಎಂವರೆಗೆ ಚಿಂತೆಯಿಲ್ಲ. 100 ಇದ್ದರೆ 2500ಕ್ಕಿಂತ ಮೇಲೆ ಹೋಗಬೇಡಿ.

ಮೊದಲ ಅಳತೆ ಸೆಂಟರ್ ಸ್ಟ್ಯಾಂಡ್ ಮೇಲೆ, ನ್ಯೂಟ್ರಲ್‌ನಲ್ಲಿ. ಎಂಜಿನ್ ಬಿಸಿಯಾದ ಮೇಲೆ ಒಂದೇ ಆರ್‌ಪಿಎಂನಲ್ಲಿ ಹತ್ತು ಸೆಕೆಂಡ್ ಹಿಡಿದರೆ ಸಾಕು, ನಿಂತಲ್ಲೇ ಏರ್‌ಕೂಲ್ಡ್ ಎಂಜಿನ್ನನ್ನು ಜಾಸ್ತಿ ಹೊತ್ತು ರೇಸ್ ಮಾಡಬಾರದು. ಹೋಲಿಸೋವಾಗ ಅದೇ ಆರ್‌ಪಿಎಂ ಇರಲೇಬೇಕು: ಅಸಮತೋಲನದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ 3000 ಬದಲು 3300 ಆದರೆ ಬಲ 21 ಶೇಕಡ ಹೆಚ್ಚು. ಬೇರೆಯವರ ಗಾಡಿಯ ಅಂಕಿ ತಂದು ಹೋಲಿಸೋದೂ ವ್ಯರ್ಥ. ರಾಯಲ್ ಎನ್‌ಫೀಲ್ಡನ್ನೇ ನೋಡಿ: ಹಳೇ ಯುಸಿಇ ಎಂಜಿನ್ನಿನ ಕ್ಲಾಸಿಕ್ 350ಕ್ಕೆ ಅದುರು ತಗ್ಗಿಸೋ ಬ್ಯಾಲೆನ್ಸರ್ ಶಾಫ್ಟ್ ಇಲ್ಲ, 2021ರ ಜೆ ಸೀರೀಸ್ ಎಂಜಿನ್ನಿನ ಕ್ಲಾಸಿಕ್‌ಗೆ ಇದೆ.

ಆಮೇಲೆ ರಸ್ತೆಯಲ್ಲಿ. ಹೊತ್ತು ಗೊತ್ತುಮಾಡಿ ತಾನಾಗೇ ಅಳೆಯೋ ಟೈಮ್ಡ್ ರನ್ ಹಾಕಿದರೆ ಓಡಿಸ್ತಾ ಫೋನ್ ನೋಡಬೇಕಾಗಿಲ್ಲ. 60ರಲ್ಲಿ ಕ್ಲಚ್ ಹಿಡಿದು ಉರುಳಿಸಿದಾಗಲೂ 8 ಹರ್ಟ್ಸ್ ಪೀಕ್ ಉಳಿದರೆ ಎಂಜಿನ್ ಮುಟ್ಟಬೇಡಿ, ಟೈರ್, ರಿಮ್, ವೀಲ್ ಬೇರಿಂಗ್ ನೋಡಿ. ಸುಮಾರು 3 ಹರ್ಟ್ಸ್‌ನಲ್ಲಿ ಎಳೆದೆಳೆದು ಬಂದರೆ ಚೈನಿನ ಟೈಟ್ ಸ್ಪಾಟ್ (ಒಂದು ಕಡೆ ಮಾತ್ರ ಬಿಗಿಯಾಗೋ ಜಾಗ) ಮೇಲೆ ಅನುಮಾನ ಇಡಿ. ವೈಟ್ ಟಾಪಿಂಗ್ (ಕಾಂಕ್ರೀಟ್ ಹೊದಿಸಿದ) ರಸ್ತೆಯಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಕಾಂಕ್ರೀಟ್ ಜಾಯಿಂಟುಗಳು ಎರಡು ಮೀಟರಿಗೊಂದು ಬಂದರೆ 60ರಲ್ಲಿ ಅವೂ ಸುಮಾರು 8 ಹರ್ಟ್ಸೇ ಕೊಡುತ್ತವೆ.

ಕ್ರ್ಯಾಂಕ್ ಪೀಕೇ ಬೆಳೆದಿದ್ದರೆ ಆಪಿನ ಕೆಲಸ ಮುಗಿಯಿತು, ಇನ್ನು ಸ್ಪ್ಯಾನರಿನದು. ಯಾವ ಪಾರ್ಟ್ ಅಂತ ಅದು ಹೇಳೋದಿಲ್ಲ, ಹೇಳುತ್ತೆ ಅಂತ ನಂಬಿಸೋರ ಮಾತು ಕೇಳಬೇಡಿ. ಮೊದಲು ಮೌಂಟಿಂಗ್ ಬೋಲ್ಟುಗಳು, ಸಿಲಿಂಡರ್ ಹೆಡ್ಡನ್ನು ಫ್ರೇಮಿಗೆ ಹಿಡಿಯೋ ಪಟ್ಟಿ, ಆ ಪಟ್ಟಿಯ ವೆಲ್ಡಿಂಗಿನಲ್ಲಿ ಕೂದಲೆಳೆ ಬಿರುಕು. ಬೋಲ್ಟ್ ಬಿಗಿಯಾಗಿದ್ದರೂ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿರಬಹುದು. ಎಲ್ಲ ಬೋಲ್ಟನ್ನೂ ಸಡಿಲಿಸಿ ಎಂಜಿನ್ ತಾನಾಗಿ ಕೂತ ಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು, ಒಂದೊಂದನ್ನೇ ಬಿಗಿಯುತ್ತಾ ಹೋದರೆ ಎಳೆತ ಒಳಗೇ ಉಳಿಯುತ್ತೆ. ಎಂಜಿನ್ ಕೆಲಸ ಆದ ಮಾರನೇ ದಿನದಿಂದಲೇ ಪೀಕ್ ನೆಗೆದಿದ್ದರೆ ಬ್ಯಾಲೆನ್ಸರ್ ಗೇರಿನ ಗುರುತು ಒಂದು ಹಲ್ಲು ತಪ್ಪಿ ಕೂತಿದೆ ಅಂತಲೇ ಮೊದಲು ಅನುಮಾನಿಸಿ. ಇದೆಲ್ಲ ಸರಿಯಿದ್ದೂ ನಿಧಾನಕ್ಕೆ ಏರ್ತಾ ಬಂದಿದ್ದರೆ ಆಗ ಎಂಜಿನ್ ಇಳಿಸೋ ಮಾತು ನ್ಯಾಯ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದಾಗ ಆಟ ಕೈಗೇ ಸಿಗಬಾರದು, ಪಕ್ಕಕ್ಕೆ ಸ್ವಲ್ಪ ಜರುಗೋದು ದೋಷವಲ್ಲ. ಕ್ರ್ಯಾಂಕ್ ರನ್‌ಔಟನ್ನು (ತಿರುಗೋವಾಗ ಎಷ್ಟು ಓರೆಯಾಗುತ್ತೆ ಅನ್ನೋದನ್ನು) ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಇಟ್ಟು ನಿಮ್ಮೆದುರೇ ತೋರಿಸಲಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಎಂಜಿನ್ನಾ ಚಕ್ರಾನಾ ಅನ್ನೋದನ್ನು ಬಿಡಿಸೋದರಲ್ಲಿ ಪೂರ್ತಿ ಅಂಕ, ಒಂದು ಕಳೆದದ್ದು ಸ್ಯಾಂಪಲಿಂಗ್ ಮಿತಿಯನ್ನು ಹೊಸಬರಿಗೆ ಕಣ್ಣಿಗೆ ಹೊಡೆಯೋ ಹಾಗೆ ಎಚ್ಚರಿಸದೇ ಇರೋದಕ್ಕೆ. ಗ್ಯಾರೇಜಿಗೆ ಬಿಡೋ ಮುಂಚಿನ ಅಳತೆಯನ್ನು ಎಕ್ಸೆಲ್ ಫೈಲ್ ಆಗಿ ಇಟ್ಟುಕೊಂಡಿರಿ, ಬಿಲ್ ಕಟ್ಟೋ ಮುಂಚೆ ಅದೇ ಜಾಗದಲ್ಲಿ ಫೋನ್ ಕಟ್ಟಿ, ಅದೇ ಆರ್‌ಪಿಎಂನಲ್ಲಿ ಇನ್ನೊಮ್ಮೆ ಅಳೆಯಿರಿ.