ಬೆಂಗಳೂರಲ್ಲಿ ದಿನಾ ಓಡಿಸೋಕೆ ಪೋರ್ಷೆ 911: ಮೂರು ವರ್ಷ, 31 ಸಾವಿರ ಕಿಲೋಮೀಟರ್ ಆದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ನಾನೇನೂ ದೊಡ್ಡ ಸಾಹುಕಾರ ಅಲ್ಲ. ಹದಿನೆಂಟು ವರ್ಷ ಸಾಫ್ಟ್‌ವೇರಲ್ಲಿ ದುಡಿದು, ಕಂಪನಿ ಶೇರು ಮಾರಿ, ಆರು ತಿಂಗಳು ಹೆಂಡ್ತಿ ಹತ್ರ ಬೈಸ್ಕೊಂಡು 2022ರಲ್ಲಿ ಸೆಕೆಂಡ್ ಹ್ಯಾಂಡ್ 911 ಕರೇರಾ ಅನ್ನೋ ಸ್ಪೋರ್ಟ್ಸ್ ಕಾರು ತಗೊಂಡೆ. 992 ಅಂತಾರಲ್ಲ, ಆ ಜನರೇಷನ್ದು. 3 ಲೀಟರ್ ಆರು ಸಿಲಿಂಡರ್, ಎರಡು ಟರ್ಬೊ, 385 ಹಾರ್ಸ್‌ಪವರ್, 8 ಗೇರಿನ ಪಿಡಿಕೆ, ಅಂದ್ರೆ ಪೋರ್ಷೆಯವ್ರ ಆಟೋಮ್ಯಾಟಿಕ್ ಗೇರ್‌ಬಾಕ್ಸು. ಹೊಸದು ಯಾಕೆ ತಗೊಂಡಿಲ್ಲ ಅಂದ್ರೆ ಒಂದು ರೇಟು, ಇನ್ನೊಂದು ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸು. 20 ಲಕ್ಷ ದಾಟಿದ ಗಾಡಿಗೆ 18 ಪರ್ಸೆಂಟು, ಅದರ ಮೇಲೆ ಸೆಸ್ಸು ಬೇರೆ. ಅದನ್ನ ಮೊದಲ್ನೇ ಓನರ್ರೇ ಕಟ್ಟಿ ಪುಣ್ಯನೂ ಕಟ್ಕೊಂಡಿದ್ರು. ಹೊರರಾಜ್ಯದ ನಂಬರ್ ಗಾಡಿ ಇನ್ನೂ ಕಮ್ಮಿಗೆ ಸಿಗ್ತಿತ್ತು, ಆದ್ರೆ ಆರ್‌ಟಿಒದವ್ರನ್ನ ಕಂಡಾಗೆಲ್ಲ ಎದೆ ಹೊಡ್ಕೊಳ್ಳೋದು ಬೇಡಪ್ಪ ಅಂತ ಕೆಎ ನಂಬರ್ದೇ ಹುಡುಕ್ದೆ.

ಎಲ್ರೂ ಕೇಳೋದು ಒಂದೇ, ಇದನ್ನ ದಿನಾ ಓಡಿಸ್ಬೋದಾ? ನಾನಂತೂ ಓಡಿಸ್ತಿದ್ದೀನಿ. ಜಯನಗರದಿಂದ ಸಿಲ್ಕ್ ಬೋರ್ಡ್ ಮೇಲೆ ಬೆಳ್ಳಂದೂರು, ಹೋಗ್ತಾ ಸುಮಾರು 14 ಕಿಲೋಮೀಟರ್, ಬರ್ತಾ ಅಷ್ಟೇ, ವಾರಕ್ಕೆ ನಾಲ್ಕು ದಿನ. ಟ್ರಾಫಿಕ್ಕಲ್ಲಿ ಇದು ಗೋಳು ಹುಯ್ಕೊಳ್ಳುತ್ತೆ ಅಂತ ಅಂದ್ಕೊಂಡಿದ್ದೆ, ಊಹೂಂ, ಬ್ರೇಕಿಂದ ಕಾಲು ತೆಗೆದ್ರೆ ನಮ್ಮನೆ ವ್ಯಾಗನ್ ಆರ್ ಆಟೋಮ್ಯಾಟಿಕ್‌ಗಿಂತ ನಯವಾಗಿ ಮುಂದಕ್ಕೆ ಜಾರುತ್ತೆ. ಎದುರಿಗೆ ಎರಡೂ ಮಡ್‌ಗಾರ್ಡ್ ಉಬ್ಬು ಸೀಟಿಂದಾನೇ ಕಾಣೋದ್ರಿಂದ ಗಾಡಿ ಎಲ್ಲಿಗೆ ಮುಗಿಯುತ್ತೆ ಅಂತ ಗೊತ್ತಾಗುತ್ತೆ, ಬಸ್ಸಿಗೂ ಡಿವೈಡರ್‌ಗೂ ಮಧ್ಯೆ ತೂರಿಸ್ಬೋದು. ಅಗಲ 1852 ಮಿಲಿಮೀಟರ್, ಅಂದ್ರೆ ಫಾರ್ಚೂನರ್ ಇದಕ್ಕಿಂತ 3 ಮಿಲಿಮೀಟರ್ ಜಾಸ್ತಿನೇ ಅಗಲ, ಆದ್ರೆ ಫಾರ್ಚೂನರ್ ಓಡ್ಸೋವ್ರನ್ನ ದಿನಾ ಓಡಿಸ್ಬೋದಾ ಅಂತ ಯಾರೂ ಕೇಳಲ್ಲ ನೋಡಿ.

ಕಷ್ಟ ಇರೋದು ನೆಲದಿಂದ ಗಾಡಿಗಿರೋ ಎತ್ತರದಲ್ಲಿ. ಹಂಪು ಹೇಗಿರ್ಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕ ಇದೆ, 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ. ಅಂಥ ಹಂಪು ಇದ್ರೆ ಈ ಗಾಡಿ ಆರಾಮಾಗಿ ದಾಟುತ್ತೆ. ನಮ್ಮ ಏರಿಯಾದಲ್ಲಿ ಇರೋವು ರಾತ್ರೋರಾತ್ರಿ ಯಾರೋ ಉಳಿದ ಸಿಮೆಂಟು ಸುರಿದು ಕಟ್ಟಿರೋವು, ಅಗಲ ಒಂದಡಿ, ಎತ್ತರ ದೇವರಿಗೇ ಪ್ರೀತಿ. ಪುಣ್ಯಕ್ಕೆ ನನ್ನ ಗಾಡಿಲಿ ಫ್ರಂಟ್ ಲಿಫ್ಟ್ ಇದೆ, ಬಟನ್ ಒತ್ತಿದ್ರೆ ಮೂತಿ ಸುಮಾರು 4 ಸೆಂಟಿಮೀಟರ್ ಮೇಲೇಳುತ್ತೆ. ಇದಿಲ್ದೇ ಇರೋ 911ನ ಬೆಂಗಳೂರಲ್ಲಿ ತಗೋಬೇಡಿ, ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ಆದ್ರೂ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರು ಮುಗಿದು ನೆಲ ಶುರುವಾಗೋ ಜಾಗದಲ್ಲಿ ನೇರ ಇಳಿದ್ರೆ ಮೂತಿ ಕೆರೆಯುತ್ತೆ, ಓರೆಯಾಗಿ ಇಳಿಸ್ಬೇಕು. ನಮ್ಮ ವಾಚ್‌ಮನ್ ಈಗ ಇದ್ರಲ್ಲಿ ಎಕ್ಸ್‌ಪರ್ಟು, ಬಗ್ಗಿ ನೋಡ್ತಾ "ಬರ್ಲಿ ಬರ್ಲಿ ಬರ್ಲಿ... ಸಾ, ಒಂದ್ ಬೆರಳು ಐತೆ, ಬರ್ಲಿ" ಅಂತಾನೆ. ಮೊದಮೊದಲು ಅವನಿಗೆ ಒಂದೇ ಚಿಂತೆ, ಕೀ ಆಫ್ ಮಾಡಿದ್ಮೇಲೂ ಹಿಂದೆ ಫ್ಯಾನು ತಿರುಗ್ತಾ ಇರುತ್ತಲ್ಲ, ಗಾಡಿ ಆನ್ ಮಾಡೇ ಹೋಗ್ಬಿಟ್ರಿ ಅಂತ ಇಂಟರ್‌ಕಾಮಲ್ಲಿ ಫೋನ್ ಮಾಡೋನು.

ಅಮ್ಮನಿಗೆ ಮಂಡಿನೋವು, ಇದಕ್ಕೆ ಹತ್ತೋದು ಬಾವಿಗೆ ಇಳಿದಂಗೆ ಅಂತಾರೆ. ಹತ್ತೋದು ಅಂತ ಹೇಳೋದೇ ತಪ್ಪು, ಇದಕ್ಕೆ ಇಳೀಬೇಕು, ಆಮೇಲೆ ಹೊರಗೆ ಹತ್ತಬೇಕು. ಅವ್ರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋದು ವ್ಯಾಗನ್ ಆರಲ್ಲೇ. ಮನೇಲಿ ಇನ್ನೊಂದು ಗಾಡಿ ಇಲ್ದಿದ್ರೆ ಈ ರಿವ್ಯೂ ಬೇರೆ ಥರ ಇರ್ತಿತ್ತು, ಅದನ್ನ ಮುಚ್ಚಿಡಲ್ಲ. ಹಿಂದಿನ ಸೀಟಲ್ಲಿ ಮಗಳು ಕೂರ್ತಾಳೆ, ನಾಲ್ಕು ವರ್ಷದಲ್ಲಿ ರಾಣಿ ಥರ ಕೂರ್ತಿದ್ಲು, ಈಗ ಏಳು, ಬ್ರೇಕ್ ಹಾಕಿದಾಗೆಲ್ಲ ಅವಳ ಶೂ ನನ್ನ ಬೆನ್ನಿಗೆ. ಡಿಕ್ಕಿ ಮುಂದಿದೆ, 132 ಲೀಟರ್, ಅಗಲಕ್ಕಿಂತ ಆಳ ಜಾಸ್ತಿ. ಗಾಂಧಿಬಜಾರಿಂದ ಹಬ್ಬದ ಸಾಮಾನು ತಂದಿದ್ದೀನಿ, ತರಕಾರಿ ಚೀಲ ಎರಡು, ಹೂವು, ತೆಂಗಿನಕಾಯಿ ಎಲ್ಲಾ ಹಿಡೀತು, ಬಾಳೆಕಂದು ಮಾತ್ರ ಆಗ್ಲಿಲ್ಲ, ಅದನ್ನ ಆಟೋದಲ್ಲಿ ಕಳಿಸ್ದೆ.

ಆಯುಧಪೂಜೆ ಕತೆ ಹೇಳ್ಲೇಬೇಕು. ಮೊದಲ್ನೇ ವರ್ಷ ದೇವಸ್ಥಾನದ ಹತ್ರ ನಿಲ್ಸಿದಾಗ ಅರ್ಚಕರು ಬಾನೆಟ್ ತೆಗೀರಿ ಅಂದ್ರು, ತೆಗೆದ್ರೆ ಒಳಗೆ ಮಗಳ ಛತ್ರಿ ಒಂದೇ. "ಇಂಜಿನ್ ಎಲ್ಲಪ್ಪಾ?" ಹಿಂದೆ ಇದೆ ಅಂತ ಅಲ್ಲಿ ತೆಗೆದೆ, ಅಲ್ಲೂ ಕಾಣೋದು ಎರಡು ಫ್ಯಾನು, ಆಯಿಲ್ಲು ಕೂಲೆಂಟು ಹಾಕೋ ಮುಚ್ಚಳ ಅಷ್ಟೇ. ಅವ್ರು ಒಂದು ನಿಮಿಷ ನೋಡಿ, ಇದ್ರೂ ಇರ್ಬೋದು ಅನ್ನೋ ಮುಖ ಮಾಡ್ಕೊಂಡು ಫ್ಯಾನಿಗೇ ಕುಂಕುಮ ಇಟ್ಟು ಆರತಿ ಎತ್ತಿದ್ರು. ಪೆಟ್ರೋಲ್ ಬಂಕಲ್ಲೂ ಇದೇ ಪಾಡು, ಮುಚ್ಚಳ ಬಲಗಡೆ ಮುಂದಿನ ಚಕ್ರದ ಮೇಲಿದೆ, ಹುಡುಗ ಪೈಪ್ ಹಿಡ್ಕೊಂಡು ಗಾಡಿನ ಒಂದು ಪ್ರದಕ್ಷಿಣೆ ಹಾಕ್ತಾನೆ.

ಮೈಲೇಜ್ ಸಿಟಿಲಿ 5ರಿಂದ 6, ಮೈಸೂರು ಹೈವೇಲಿ 11 ಬಂದಿದೆ. ಆ ಹೈವೇ ವಿಷಯ ಬಂದ್ರೆ ನಗು ಬರುತ್ತೆ. 0ಯಿಂದ 100ಕ್ಕೆ ಹೆಚ್ಚೂಕಮ್ಮಿ 4 ಸೆಕೆಂಡು, ಅಲ್ಲಿ ಲಿಮಿಟ್ಟೂ 100, ಮೇಲೆ ಕ್ಯಾಮೆರಾ ಸಾಲು. ಅಂದ್ರೆ ಕುಂಬಳಗೋಡು ದಾಟಿದ ನಾಲ್ಕೇ ಸೆಕೆಂಡಲ್ಲಿ ಈ ಗಾಡಿ ಕೆಲಸ ಮುಗೀತು, ಮೈಸೂರು ತನಕ ಹಾಡು ಕೇಳ್ಕೊಂಡು ಹೋಗೋದೇ. ಅಗಲ ಟೈರು ರಸ್ತೆ ಮೇಲೆ ಗೊರ್‍ರ್ ಅನ್ನೋ ಸದ್ದಲ್ಲಿ ಆ ಹಾಡೂ ಅರ್ಧ ಕೇಳ್ಸುತ್ತೆ.

ಟೈರ್ ಕತೆ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಹೋದ ಮಳೆಗಾಲ ಸರ್ವೀಸ್ ರೋಡಲ್ಲಿ ನೀರು ನಿಂತಿತ್ತು. ಈ ಗಾಡಿಗೆ ಮುಂದಿನ ಚಕ್ರದ ಗೂಡಲ್ಲಿ ಮೈಕ್ ಥರದ ಸೆನ್ಸರ್ ಇದೆ, ನೀರು ಎರಚೋ ಸದ್ದು ಕೇಳಿಸ್ಕೊಂಡು ರಸ್ತೆ ಒದ್ದೆ ಇದೆ, ವೆಟ್ ಮೋಡಿಗೆ ಹಾಕು ಅಂತ ಹೇಳುತ್ತೆ. ಅವತ್ತೂ ಹೇಳ್ತು, ಹಾಕ್ದೆ, ಆದ್ರೆ ನೀರಿನ ಕೆಳಗೆ ಗುಂಡಿ ಇದೆ ಅಂತ ಹೇಳೋ ಸೆನ್ಸರ್ ಯಾರೂ ಕಂಡುಹಿಡಿದಿಲ್ವಲ್ಲ. ಧಡ್ ಅಂತು, ಹಿಂದಿನ ಎಡಗಡೆ ಟೈರಿನ ಪಕ್ಕ ಬೆರಳುದ್ದ ಸೀಳಿತ್ತು. ಸ್ಟೆಪ್ನಿ ಇಲ್ಲ, ಗಮ್ಮಿನ ಬಾಟ್ಲಿ ಇರುತ್ತೆ, ಅದು ಮೊಳೆ ಚುಚ್ಚಿದ ತೂತಿಗೆ ಸರಿ, ಪಕ್ಕ ಹರಿದ್ರೆ ಏನೂ ಪ್ರಯೋಜನ ಇಲ್ಲ. ಮೂರು ಗಂಟೆ ಛತ್ರಿ ಹಿಡ್ಕೊಂಡು ಟೋಯಿಂಗ್ ಲಾರಿಗೆ ಕಾದೆ, ಅಷ್ಟರಲ್ಲಿ ಎಷ್ಟು ಜನ ಸೆಲ್ಫಿ ತಗೊಂಡ್ರೋ ಲೆಕ್ಕ ಇಲ್ಲ. 295/35 ಝಡ್‌ಆರ್ 20 ಸೈಜು, ಅದೂ ಪೋರ್ಷೆಗೆ ಅಂತಾನೇ ಎನ್ ಮಾರ್ಕ್ ಇರೋ ಟೈರು ಊರಲ್ಲಿ ಸ್ಟಾಕ್ ಇರ್ಲಿಲ್ಲ, ಹನ್ನೊಂದು ದಿನ ಗಾಡಿ ನಿಂತಲ್ಲೇ. ಹಿಂದಿನ ಎರಡೂ ಹಾಕಿಸ್ದೆ, ಆ ದುಡ್ಡಲ್ಲಿ ಹೊಸ ಸ್ಕೂಟರ್ ಬರ್ತಿತ್ತು.

ಇನ್ನು ಜನ. ಸಿಗ್ನಲಲ್ಲಿ ಬೈಕ್ ಹುಡುಗ್ರು "ಅಣ್ಣಾ, ಒಂದ್ಸಲ ರೇಸ್ ಕೊಡಣ್ಣಾ" ಅಂತಾರೆ, ಆಟೋದವ್ರು ಮೈಲೇಜ್ ಕೇಳಿ "ಅಯ್ಯೋ ಪಾಪ" ಅಂತಾರೆ. ಮಾತಾಡೋರು ಪರವಾಗಿಲ್ಲ, ವಿಡಿಯೋ ಮಾಡ್ಕೊಂಡು ಪಕ್ಕಕ್ಕೇ ಅಂಟ್ಕೊಂಡು ಬರೋರದ್ದೇ ಭಯ. ಒಂಥರಾ ಮದುವೆ ಕುದುರೆ ಮೇಲೆ ಆಫೀಸಿಗೆ ಹೋದಂಗೆ. ಹೋಟೆಲ್ ಮುಂದೆ ರಸ್ತೇಲಿ ನಿಲ್ಸಿ ನೆಮ್ಮದಿಯಾಗಿ ಒಂದು ಮಸಾಲೆ ದೋಸೆ ತಿಂದು ಮೂರು ವರ್ಷ ಆಯ್ತು.

ಹಾಗಿದ್ರೆ ಯಾಕೆ ಮಾರಿಲ್ಲ ಅಂದ್ರೆ, ಸ್ಪೀಡಿಗಂತೂ ಅಲ್ಲ. ಇಂಥ ಗಾಡಿ ಮಜಾ ಸಿಗ್ಬೇಕಂದ್ರೆ 150 ದಾಟ್ಬೇಕು ಅಂತ ನಾನೂ ನಂಬಿದ್ದೆ. ಆದ್ರೆ ಬೇಲೂರಿಂದ ಮೂಡಿಗೆರೆ ಕಡೆ ತೋಟದ ಮಧ್ಯೆ ತಿರುವುಗಳಲ್ಲಿ ಬರೀ 50ರಲ್ಲಿ ಹೋಗ್ತಿದ್ರೂ ಸ್ಟೇರಿಂಗ್ ಕೈಗೆ ಹೇಳೋ ಅಷ್ಟು ವಿಷಯ ಬೇರೆ ಯಾವ ಗಾಡಿಲೂ ನನಗೆ ಸಿಕ್ಕಿಲ್ಲ. ಆಫೀಸಿಂದ ಬರೋವಾಗ ಜಯನಗರದ ಒಳಗೆ, ಮರದ ಕೆಳಗೆ, 30ರಲ್ಲಿ ಒಂದು ಎಡ ತಿರುವು ಇದೆ, ಅಲ್ಲೂ ದಿನಾ ಅದು ಗೊತ್ತಾಗುತ್ತೆ.

ತಗೋಬೇಕು ಅಂತಿರೋರು ಟೆಸ್ಟ್ ಡ್ರೈವನ್ನ ಶೋರೂಮ್ ಮುಂದಿನ ಅಗಲ ರಸ್ತೇಲಿ ಮುಗಿಸ್ಬೇಡಿ. ಸೀದಾ ನಿಮ್ಮನೆ ಬೇಸ್‌ಮೆಂಟಿಗೆ ಇಳಿಸಿ ನೋಡಿ, ಆಮೇಲೆ ಮನೇಲಿ ವಯಸ್ಸಾದವ್ರು ಇದ್ರೆ ಅವ್ರನ್ನ ಒಂದ್ಸಲ ಕೂರಿಸಿ, ಎಬ್ಬಿಸಿ. ಸೇಲ್ಸ್‌ನವ್ರು ಮುಖ ಸಿಂಡರಿಸಿದ್ರೂ ಬಿಡ್ಬೇಡಿ.